ದಿನಕ್ಕೆ ಎರಡು ಸಲ

ಕೆಂಪು ಶಾಯಿಯ ವಾಸನೆ ಬಂದರೆ ಈಗಲೂ ನನ್ನ ಕೈ ಸೀರೆಯ ಸೆರಗು ಹುಡುಕುತ್ತದೆ.

ಏಳನೇ ಕ್ಲಾಸಿನಲ್ಲಿ ಇಡೀ ತಾಲೂಕಿಗೆ ಒಂದೇ ಪ್ರಶ್ನೆಪತ್ರಿಕೆ ಬಂದಿತ್ತು. ಪರೀಕ್ಷೆ ಮುಗಿದ ಮಧ್ಯಾಹ್ನ ಟೀಚರು, ನಾನು ಕ್ಲಾಸಿಗೆ ಫಸ್ಟ್ ಎಂದು, ಬಿಟ್ಟ ಸ್ಥಳ ತುಂಬುವ ಭಾಗವನ್ನು ತಿದ್ದಲು ನನಗೆ ಕೊಟ್ಟರು. ಜೊತೆಗೆ ಶಾಯಿ ಬಾಟ್ಲಿ, ನಿಬ್ಬಿನ ಪೆನ್ನು, ಮೇಲಿನಿಂದ ಬಂದ ಉತ್ತರಪಟ್ಟಿ.

“ಪಟ್ಟಿಯಲ್ಲಿ ಉಂಟಾ, ಸರಿ. ಇಲ್ಲವಾ, ತಪ್ಪು. ಎಲ್ಲರಿಗೂ ಒಂದೇ ನ್ಯಾಯ,” ಎಂದರು. ನನಗೆ ಕೋಡು ಮೂಡಿತು.

‘ಸಮುದ್ರ ಉಕ್ಕುವುದು ______.’ ಪಟ್ಟಿಯಲ್ಲಿ ‘ಹುಣ್ಣಿಮೆಯಂದು’ ಎಂದಿತ್ತು. ನಾನೂ ಹಾಗೇ ಬರೆದಿದ್ದೆ. ನನ್ನ ಬೆಂಚಿನ ಝುಬೈದಾ ‘ದಿನಕ್ಕೆ ಎರಡು ಸಲ’ ಎಂದು ಬರೆದಿದ್ದಳು. ಅವಳ ಅಪ್ಪ ಹಳೇ ಬಂದರಿನಲ್ಲಿ ದೋಣಿಗೆ ಹೆಂಚು ತುಂಬಿಸುವವರು. ದಿನಾ ನೀರು ಏರಿದಾಗ, ದೋಣಿ ಕಟ್ಟುವ ಧಕ್ಕೆಯ ಯಾವ ಮೆಟ್ಟಿಲು ಮುಳುಗುತ್ತದೆ, ಮತ್ತೆ ಯಾವಾಗ ಕಾಣುತ್ತದೆ ಎಂದು ಅವಳೇ ನನಗೆ ಎಷ್ಟೋ ಸಲ ತೋರಿಸಿದ್ದಳು.

ಟೀಚರು ಪಕ್ಕದಲ್ಲೇ ಇದ್ದರು. ಕೇಳಬಹುದಿತ್ತು. ಅವಳದ್ದು ಸರಿಯಾದರೆ ನನ್ನದು ತಪ್ಪಾದೀತು ಅನ್ನಿಸಿ, ಕೇಳದೆ ತಪ್ಪು ಹಾಕಿದೆ. ಪಾಸಿಗೆ ಮೂವತ್ತೈದು ಬೇಕಿತ್ತು. ಸಂಜೆ ಟೀಚರು ಅಂಕ ಕೂಡಿಸಿ ಪೇಪರು ಹಂಚಿದಾಗ ಅವಳಿಗೆ ಮೂವತ್ತನಾಲ್ಕು ಬಂದಿತ್ತು.

ಗೇಟಿನ ಹತ್ತಿರ ಝುಬೈದಾ ಕೇಳಿದಳು, “ನೀನೂ ನೋಡಿದ್ದೀಯಲ್ಲ ಮಾರಾಯ್ತಿ?”

“ಪಟ್ಟಿಯಲ್ಲಿ ಇಲ್ಲ,” ಎಂದೆ.

ಅವಳು ಜಗಳಾಡಲಿಲ್ಲ. “ಕೈಯೆಲ್ಲ ಕೆಂಪಾಗಿದೆ ನೋಡು,” ಎಂದು ತನ್ನ ತಲೆವಸ್ತ್ರದ ತುದಿಯಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಒರೆಸಿದಳು.