ಒಬ್ಬರಿಗೇ ಒಗ್ಗುವ ಜಾತಿ

ಮಾಣಿಕಪ್ಪ ಗೇಟಿನ ಚಿಲಕಕ್ಕೆ ಕೈ ಹಾಕುತ್ತಿದ್ದಂತೆ ಒಳಗಿದ್ದ ಡಾಬರ್‌ಮನ್ ಹಲ್ಲು ಕಿರಿದು ಅವನ ಕೈಗೇ ನೆಗೆಯಿತು. "ಸ್ವರೂಪಾ, ನಾಯಿ ಕಟ್ಟಿಹಾಕು! ನಾ ಬಂದೀನಿ!"

ಬೀಜದ ಕಂಪನಿಯ ಕೆಲಸಕ್ಕೆ ತಿಂಗಳಲ್ಲಿ ಇಪ್ಪತ್ತು ದಿನ ಊರೂರು ತಿರುಗುವವ ಅವನು. ತಾನಿಲ್ಲದಾಗ ಹೆಂಡತಿ ಯಾರನ್ನು ಒಳಗೆ ಬಿಟ್ಟುಕೊಳ್ಳುತ್ತಾಳೋ ಎಂಬ ಅನುಮಾನ ಹುಳದಂತೆ ಕೊರೆಯುತ್ತಿತ್ತು. ಒಬ್ಬರಿಗೇ ಒಗ್ಗುವ, ಮಿಕ್ಕವರನ್ನು ಹರಿದುಹಾಕುವ ಜಾತಿಯೇ ಬೇಕೆಂದು ಹುಡುಕಿ ಈ ನಾಯಿಯನ್ನು ಮರಿಯಿದ್ದಾಗಲೇ ಹೈದರಾಬಾದಿನಿಂದ ತಂದಿದ್ದ. ಪ್ರತಿ ಸಲವೂ ಫೋನ್ ಮಾಡಿ ಬರುತ್ತಿದ್ದ. ಅವಳು ನಾಯಿ ಕಟ್ಟಿರುತ್ತಿದ್ದಳು. ಈಗ ತೆಲಂಗಾಣ ಮುಷ್ಕರಕ್ಕೆ ಬಸ್ಸುಗಳೆಲ್ಲ ನಿಂತಿದ್ದವು. ಗಂಡ ಬರಲಾರನೆಂದು ಅವಳು ನಂಬಿರುವಾಗಲೇ ಹಿಡಿಯಬೇಕೆಂದು, ಜಹೀರಾಬಾದಿನಲ್ಲಿ ಲಾರಿ ಹತ್ತಿ ಸದ್ದಿಲ್ಲದೆ ನಾರಾಯಣಖೇಡಿನ ಮನೆಗೆ ಬಂದಿದ್ದ.

ಸ್ವರೂಪಾ ಸರಪಳಿ ಹಿಡಿದು ಹೊರಬಂದಳು. ಗಂಡನ ಕಣ್ಣು ತನ್ನನ್ನು ದಾಟಿ ಮನೆಯೊಳಗೆ ಇಣುಕುತ್ತಿರುವುದನ್ನು ಕಂಡಳು. "ನೋಡ್ರಿ, ಚಂದಾಗಿ ನೋಡ್ರಿ. ಯಾರೂ ಇಲ್ಲ."

"ನಾಟಕ ಸಾಕು. ನಾ ತಂದ ನಾಯಿ ನನಗೇ ಬೊಗಳತದ!"

"ದಿನಾ ರೊಟ್ಟಿ ಹಾಕಿದಾಕಿ ನಾನ್ರಿ. ಒಬ್ಬರಿಗೇ ಒಗ್ಗೋ ಜಾತಿ ಬೇಕಂತ ನೀವೇ ಆರಿಸಿ ತಂದೀರಿ."

ಅವಳು ತಲೆ ಸವರಿದ ಕೂಡಲೇ ನಾಯಿ ಅವಳ ಕಾಲ ಬಳಿ ಕೂತಿತು. ಸರಪಳಿಯನ್ನು ಅದರ ಕೊರಳಿಗೆ ಹಾಕದೆ, ಗೇಟಿಗೆ ಸುತ್ತಿ ಬೀಗ ಜಡಿದಳು.