ನಿಲ್ಲುವುದನ್ನು ಕಲಿತ ಕಾಲುಗಳು

ಟ್ರೆಡ್‌ಮಿಲ್ಲಿನ ಪಟ್ಟಿ ಸರಸರನೆ ಹಿಂದಕ್ಕೆ ಜಾರುತ್ತಲೇ ಇತ್ತು, ಕ್ಷೌರಿಕನ ಕಾಲುಗಳು ಮಾತ್ರ ಹೆಜ್ಜೆ ಎತ್ತಲಿಲ್ಲ. ಸೊಂಟಕ್ಕೆ ಬೆಲ್ಟು ಬಿಗಿದು ಅವನನ್ನು ಮೇಲಿನ ಕೊಕ್ಕೆಗೆ ತೂಗುಹಾಕಿದ್ದರು. ಅಲ್ಲಿಂದಲೇ ಬಗ್ಗಿ ನೋಡಿದ. ಎರಡೂ ಕಾಲು ಹಟಮಾರಿ ಮಕ್ಕಳ ಹಾಗೆ ಸೆಟೆದು ನಿಂತಿದ್ದವು.

ಫಿಸಿಯೋ ಮೇಡಂ ಯಂತ್ರ ನಿಲ್ಲಿಸಿದರು. "ಎರಡು ತಿಂಗಳ ಹಿಂದೆ ಹನ್ನೊಂದು ಹೆಜ್ಜೆ ಹಾಕಿದ್ರಿ. ಈಗ ಒಂದೂ ಇಲ್ಲ. ಮನೇಲಿ ಏನು ಮಾಡ್ತಿದ್ದೀರಿ? ನಿಜ ಹೇಳಿ."

ಮೂಲೆಯ ಸ್ಟೂಲಿನ ಮೇಲಿದ್ದ ಹೆಂಡತಿ ಚೀಲದ ಜಿಪ್ಪು ಎಳೆಯುವುದು, ಮುಚ್ಚುವುದು, ಮತ್ತೆ ಎಳೆಯುವುದು ನಡೆಸಿದ್ದಳು. ಈ ಯಂತ್ರಕ್ಕೆ ಕಾದು ಕೂತವರ ಪಟ್ಟಿ ಉದ್ದವಿತ್ತು. ಇವತ್ತು ಹೆಜ್ಜೆ ಬರದಿದ್ದರೆ ಅವನ ಹೆಸರು ತೆಗೆದುಹಾಕುತ್ತಾರೆ.

ಹೋದ ವರ್ಷ ನೀರಿನ ಟ್ಯಾಂಕಿನ ಏಣಿಯಿಂದ ಬಿದ್ದ ಮೇಲೆ ಅವನ ತಲೆಯ ಮಾತು ಸೊಂಟದಿಂದ ಕೆಳಗೆ ಇಳಿಯುತ್ತಿರಲಿಲ್ಲ. ತಲೆ ಹೇಳದಿದ್ದರೇನು, ಬೆನ್ನುಹುರಿ ತಾನೇ ಪಾಠ ಕಲಿಯಬಲ್ಲದು, ದಿನಾ ನಡೆಸಿದರೆ ನಡೆಯುವುದನ್ನು ಕಲಿಯುತ್ತದೆ ಎಂದು ಮೊದಲ ದಿನವೇ ಇದೇ ಮೇಡಂ ಹೇಳಿದ್ದರು. ಅವನು ಆ ಮಾತನ್ನು ನಂಬಿದ್ದ. ಸ್ವಲ್ಪ ಜಾಸ್ತಿಯೇ ನಂಬಿದ್ದ.

"ಹೇಳಿಬಿಡ್ರೀ," ಅಂದಳು ಹೆಂಡತಿ.

"ನಿಲ್ತಾ ಇದ್ದೀನಿ ಮೇಡಂ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಕಿಟಕಿ ಸರಳಿಗೆ ಬೆಡ್‌ಶೀಟಿನಿಂದ ಸೊಂಟ ಕಟ್ಟಿ ಇವಳು ಮಂಡಿ ಹಿಡ್ಕೊಳ್ತಿದ್ಲು. ಮೊದಮೊದಲು ಕುಸೀತಿದ್ದೆ. ಈಗ ಇವಳು ಕೈ ಬಿಟ್ಟರೂ ನಿಲ್ತೀನಿ. ನಾಲ್ಕು ತಲೆ ಕೂಡ ಆಯ್ತು."

"ಏನು ತಲೆ?"

"ಅಕ್ಕಪಕ್ಕದವರ ಕಟಿಂಗು. ಅಂಗಡಿ ಕುರ್ಚೀನ ಮನೆಗೇ ತರಿಸಿದ್ದೀನಿ. ಅದು ತಿರುಗುತ್ತಲ್ಲ ಮೇಡಂ, ನಾನು ಒಂದೇ ಕಡೆ ನಿಂತ್ರೆ ಸಾಕು."

ಮೇಡಂ ಹಣೆ ಚಚ್ಚಿಕೊಂಡರು. "ಬೆನ್ನುಹುರಿ ನೀವು ಕಲಿಸಿದ್ದನ್ನೇ ಕಲಿಯುತ್ತೆ. ನಾನಿಲ್ಲಿ ನಡಿ ಅಂತೀನಿ, ನೀವಲ್ಲಿ ನಿಲ್ಲು ಅಂತೀರಿ. ನಿಮ್ಮ ಪಾಠ ಗಟ್ಟಿಯಾಯ್ತು, ನನ್ನದು ಅಳಿಸಿಹೋಯ್ತು. ಹೆಜ್ಜೆ ಬೇಕಾದರೆ ಇನ್ನು ಮೂರು ತಿಂಗಳು ಒಂದೇ ಒಂದು ಸಲವೂ ನಿಲ್ಲಬಾರದು. ಒಪ್ಪಿದರೆ ಹೆಸರು ಉಳಿಸ್ತೀನಿ. ಆ ನಿಲ್ಲೋದನ್ನ ಅದು ಮರೀಲೇಬೇಕು."

"ಮರೆತರೆ ನಡೀತೀನಾ?"

"ಗ್ಯಾರಂಟಿ ಕೊಡೋಕಾಗಲ್ಲ."

"ನಡೀದೇ ಹೋದ್ರೆ, ನಿಲ್ಲೋದು ವಾಪಸ್ ಬರುತ್ತಾ?"

ಮೇಡಂ ಕೈಯಲ್ಲಿದ್ದ ಕಾಗದ ಮಗುಚಿದರು. ಹೆಂಡತಿ ಎದ್ದು ಬಂದು ಅವನ ತೋಳು ಹಿಡಿದಳು. ವರ್ಷವಿಡೀ ಅವನನ್ನು ಎತ್ತಿ ಇಳಿಸಿ ಅವಳ ಸೊಂಟವೇ ಬಿದ್ದುಹೋಗಿತ್ತು. "ಮೂರು ತಿಂಗಳು ತಾನೇ? ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಕಳೆದುಹೋಗುತ್ತೆ. ಆಮೇಲೆ ಬೀದಿ ಕೊನೇವರೆಗಾದ್ರೂ ನನ್ನ ಜೊತೆ ಬರಬಹುದು. ಹೂಂ ಅನ್ನಿ."

ಹೂಂ ಅನ್ನಲು ಅವನಿಗೂ ಆಸೆಯಿತ್ತು. ಅವಳಿಗೋಸ್ಕರವಾದರೂ ಅನ್ನಬೇಕಿತ್ತು. ಆದರೆ ಗಾಲಿಕುರ್ಚಿಯಲ್ಲಿ ಕೂತು ಒಂದು ವರ್ಷ ಎಲ್ಲರ ಗದ್ದವನ್ನೇ ನೋಡಿದವನು ಮೊನ್ನೆ ಪಕ್ಕದ ಮನೆಯವನ ನೆತ್ತಿ ನೋಡಿದ್ದ. ಅಲ್ಲಿನ ಸುಳಿಯ ಸುತ್ತ ಬಾಚಣಿಗೆ ಇಟ್ಟಾಗ ಖುಷಿಯಿಂದ ಅತ್ತಿದ್ದ.

"ಮೇಡಂ," ಅಂದ, ಕೊಕ್ಕೆಯಲ್ಲಿ ತೂಗಾಡುತ್ತಲೇ, "ಮರೆಯೋದನ್ನ ಬೆನ್ನುಹುರಿಗೆ ನೀವು ಕಲಿಸ್ತೀರಿ, ಸರಿ. ನನಗೆ ಯಾರು ಕಲಿಸ್ತಾರೆ?"