ಸೀಹಾಕ್ ಮಾಡಿಸಿದ ಮದುವೆ

"ಇವತ್ತೊಂದು ದಿನ ಆ ವಿಮಾನ ಹಾರಿಸ್ಬೇಡಿ ಮಾರಾಯ್ರೆ," ಎಂದು ಗಂಡನಿಗೆ ಹೇಳಿಯೇ ಜಯಶೀಲಾ ಬಾಗಿಲು ತೆರೆದರು. ಕೆನಡಾದ ಮಾಲ್ಟನ್ನಿನ ಆ ಅಪಾರ್ಟ್‌ಮೆಂಟಿನಲ್ಲಿ ಎದುರು ಮನೆಗೆ ಹೊಸದಾಗಿ ಬಂದಿದ್ದ ಬಾಂಗ್ಲಾದೇಶದ ಮೊಹ್ಸಿನ್, ಅವರ ಹೆಂಡತಿ ರೊಕೆಯಾ ಚಹಾಕ್ಕೆ ಬಂದಿದ್ದರು.

ಭಾಸ್ಕರ ಶೆಟ್ಟರು ಎಪ್ಪತ್ತೊಂದರ ಯುದ್ಧದಲ್ಲಿ ವಿಕ್ರಾಂತ್ ಹಡಗಿನ ಡೆಕ್ಕಿನ ಮೇಲೆ ಸೀಹಾಕ್ ಯುದ್ಧವಿಮಾನಗಳ ರೆಕ್ಕೆಗೆ ಬಾಂಬು ಕಟ್ಟಿ ಕಳಿಸಿದವರು. ಆಮೇಲಿನ ಮೂವತ್ತೆರಡು ವರ್ಷ ಅದನ್ನೇ ಹೇಳುತ್ತ ಬಂದವರು. ಅಷ್ಟು ಹಳೆಯ ಜೆಟ್ಟು ಏನು ಮಾಡೀತು ಎಂದು ನಕ್ಕವರಿದ್ದರಂತೆ. ಹೋದ ಒಂದೊಂದೂ ಮರಳಿ ಬಂತು ಎನ್ನುವಾಗ ಶೆಟ್ಟರ ಅಂಗೈ ತಾನಾಗಿ ಮೇಲೆದ್ದು, ಮೇಜಿನ ಉದ್ದಕ್ಕೂ ತೇಲಿ, ಉಪ್ಪಿನಕಾಯಿ ಭರಣಿಯ ಪಕ್ಕ ಇಳಿಯುತ್ತಿತ್ತು. ಹಲ್ಲಿನ ಡಾಕ್ಟರಿಗೂ ಬಾಯಿ ತೆರೆದುಕೊಂಡೇ ಈ ಕಥೆ ಹೇಳಿದ್ದರು.

"ಬಾಂಗ್ಲಾದೇಶದಲ್ಲಿ ಯಾವ ಊರು?" ಶೆಟ್ಟರು ಹಿಂದಿಯಲ್ಲಿ ಕೇಳಿದರು.

"ಕಾಕ್ಸ್ ಬಜಾರ್," ಎಂದರು ಮೊಹ್ಸಿನ್. "ಏರ್‌ಪೋರ್ಟಿನ ಹತ್ತಿರವೇ ಮನೆ."

ಬಾಯಿಗೆ ಹೊರಟಿದ್ದ ಚಕ್ಕುಲಿ ದಾರಿಯಲ್ಲೇ ನಿಂತಿತು. ಶೆಟ್ಟರು ಕೆನಡಾದ ಚಳಿಯ ಬಗ್ಗೆ ಏನೋ ಕೇಳಿ ಮಾತು ತಿರುಗಿಸಿದರು. ಜಯಶೀಲಾರಿಗೆ ಆಶ್ಚರ್ಯ. ಕೇಳಿ ಕೇಳಿ ಆ ಕಥೆಯಲ್ಲಿ ಬಾಂಬು ಬಿದ್ದ ಊರುಗಳ ಹೆಸರು ಅವರ ಕಿವಿಗೆ ಬೀಳುವುದೇ ನಿಂತುಹೋಗಿತ್ತು.

"ಎಂತ, ಇವತ್ತು ಇಂಜಿನ್ ಸ್ಟಾರ್ಟೇ ಆಗುದಿಲ್ವಾ?" ಎಂದು ಗಂಡನ ಕಾಲೆಳೆದು, ಸೀಹಾಕಿನ ವಿಷಯವನ್ನೆಲ್ಲ ಅತಿಥಿಗಳಿಗೆ ತಾವೇ ಹೇಳಿಬಿಟ್ಟರು.

ಮೊಹ್ಸಿನ್ ಶೆಟ್ಟರನ್ನೇ ನೋಡಿದರು. "ಡಿಸೆಂಬರ್ ನಾಲ್ಕು?"

ಶೆಟ್ಟರು ತಲೆಯಾಡಿಸಿದರು.

"ಅವತ್ತು ಇವಳ ಮದುವೆ. ನನ್ನ ಜೊತೆಗಲ್ಲ."

ಮುಂದಿನದನ್ನು ರೊಕೆಯಾ ಹೇಳಿದರು. ಕಾಲ ಕೆಟ್ಟಿತ್ತು. ವಯಸ್ಸಿಗೆ ಬಂದ ಹುಡುಗಿಯನ್ನು ಮನೆಯಲ್ಲಿಟ್ಟುಕೊಳ್ಳಲು ಹೆದರಿಕೆ. ಹಾಗಾಗಿ ಹತ್ತೇ ಜನರ ಅವಸರದ ಮದುವೆ. ವರ ಬಂದು ಕೂತದ್ದೇ ತಡ, ಸಮುದ್ರದ ಕಡೆಯಿಂದ ವಿಮಾನಗಳು. ಮೊದಲ ಸದ್ದಿಗೇ ಹಿತ್ತಿಲ ಬೇಲಿ ಹಾರಿ ಓಡಿದ ವರ ಮತ್ತೆ ಬರಲಿಲ್ಲ. ಅವನ ಕಡೆಯವರೂ ಅವನ ಹಿಂದೆಯೇ. ಚಾಪೆ ಹಾಸಲು ಬಂದಿದ್ದ ಪಕ್ಕದ ಮನೆಯ ಮೊಹ್ಸಿನ್ ಒಬ್ಬರೇ ಓಡದೆ ಉಳಿದವರು.

"ಇಂಥ ಧೈರ್ಯವಂತ ಎಲ್ಲಿ ಸಿಗ್ತಾನೆ ಅಂತ ಅಪ್ಪ ಸಂಜೆಯೇ ನಿಕಾಹ್ ಮಾಡಿಸಿದರು," ಎಂದರು ರೊಕೆಯಾ. "ಮಂಚದ ಕೆಳಗೆ ನುಗ್ಗಿ ಅಲ್ಲೇ ಸಿಕ್ಕಿಹಾಕಿಕೊಂಡಿದ್ದರು ಅಂತ ನನಗೆ ಗೊತ್ತಾಗಿದ್ದು ಎರಡು ಮಕ್ಕಳಾದ ಮೇಲೆ."

"ಮಂಚ ಬಹಳ ತಗ್ಗಾಗಿತ್ತು," ಮೊಹ್ಸಿನ್ ಒಪ್ಪಿಕೊಂಡರು. ಶೆಟ್ಟರತ್ತ ತಿರುಗಿ, "ನಿಮಗೆ ಥ್ಯಾಂಕ್ಸ್ ಹೇಳಬೇಕೋ ಬೈಯಬೇಕೋ ಗೊತ್ತಾಗ್ತಿಲ್ಲ," ಎಂದರು.

"ಬೈಯೋದಿದ್ದರೆ ನಾನು ಬೈತೀನಿ," ಎಂದರು ರೊಕೆಯಾ.

ಜಯಶೀಲಾ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಶೆಟ್ಟರೂ ನಕ್ಕರು. ನಗು ತಗ್ಗಿದ ಮೇಲೆ, ಇಷ್ಟು ವರ್ಷ ತಮ್ಮನ್ನು ಯಾರೂ ಕೇಳದಿದ್ದ, ತಾವೂ ಯಾರನ್ನೂ ಕೇಳದಿದ್ದ ಮಾತೊಂದನ್ನು ಮೆಲ್ಲಗೆ ಕೇಳಿದರು.

"ಅವತ್ತು ಯಾರಾದರೂ ಸತ್ತರಾ?"

ಮೊಹ್ಸಿನ್ ಚಹಾದ ಕಪ್ಪು ಕೆಳಗಿಟ್ಟರು.

"ನಮ್ಮ ಬೀದಿಯವರಂತೂ ಯಾರೂ ಸಾಯಲಿಲ್ಲ," ಎಂದರು.